ಎರಡನೇ ಸ್ಟುಡಿಯೋದ ಏಳು ಸುರುಳಿಗಳು

"ಡಬ್ಬ ಕೆಳಗಿಡಿ ಚಿಕ್ಕಪ್ಪ."

ಚಿಕ್ಕಪ್ಪ ಇಡಲಿಲ್ಲ. ಟೇಪಿನ ಸುರುಳಿಗಳಿದ್ದ ಎರಡು ತಗಡಿನ ಡಬ್ಬಗಳನ್ನು ಎದೆಗವಚಿಕೊಂಡು, ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ ಅಣ್ಣನ ಮಗಳನ್ನು ಮೊಣಕೈಯಿಂದ ಸರಿಸಲು ನೋಡಿದರು. ಅವಳು ಸರಿಯುವ ಪೈಕಿಯಲ್ಲ. ಇಪ್ಪತ್ತೈದು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು, ಹೊಸ್ತಿಲ ಮೇಲೆ ಊರಿದರೆ ಊರಿದ್ದೇ. ಮೇಲಿನ ಡಬ್ಬದ ಅಂಚು ಹಿಡಿದು ಎಳೆದಳು. ಅವರು ತಮ್ಮ ಕಡೆಗೆ ಜಗ್ಗಿದರು. ಮುಚ್ಚಳ ಕಳಚಿ ಬಿದ್ದು ಹಜಾರದವರೆಗೂ ಉರುಳಿಕೊಂಡು ಹೋಯಿತು. ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅವಳ ಅಪ್ಪ ಮಲಗಿದ್ದರು. ಸುತ್ತ ಬಾಡಿಗೆ ಕುರ್ಚಿಗಳಲ್ಲಿ ಕೂತಿದ್ದ ಮೂವತ್ತು ಜನ ಒಟ್ಟಿಗೇ ಕತ್ತು ಹೊರಳಿಸಿದರು.

"ಅಪ್ಪನ್ನ ಇನ್ನೂ ಎತ್ತಿಲ್ಲ. ಅಷ್ಟು ಅವಸರ ಏನು ನಿಮಗೆ?"

"ನಾನೇನು ಮಾಡ್ಲಿ ಇದನ್ನ ಇಟ್ಕೊಂಡು? ನಿಲಯದೋರು ಕೇಳಿದ್ರು, ತೆಗೆದುಕೊಡ್ತಿದ್ದೀನಿ. ಬಂದೋರ ಮುಂದೆ ಮಾನ ಕಳೀಬೇಡ."

"ಕಳೀತಿರೋದು ಯಾರು ಅಂತ ಅವರೇ ನೋಡ್ತಿದ್ದಾರೆ ಬಿಡಿ."

ನಿಲಯದೋರು ಎಂದರೆ ರೇಡಿಯೋ ನಿಲಯದ ನಿರ್ದೇಶಕರು. ಅಪ್ಪ ಅಲ್ಲಿ ಮೂವತ್ತನಾಲ್ಕು ವರ್ಷ ರೆಕಾರ್ಡಿಸ್ಟ್ ಆಗಿದ್ದರು. ಗಾಜಿನ ಆಚೆ ಯಾರಾದರೂ ಹಾಡಿದರೆ ಈಚೆ ಕೂತು ಅದನ್ನು ಟೇಪಿಗೆ ಇಳಿಸುವ ಕೆಲಸ. ಮೈಕಿನ ಮುಂದೆ ಸೊಳ್ಳೆ ರೆಕ್ಕೆ ಬಡಿದರೂ ಅವರಿಗೆ ಕೇಳಿಸುತ್ತದೆ ಎಂದು ಜೊತೆಯವರು ಇಟ್ಟ ಹೆಸರು ಕಿವಿರಾಯ. ನಿವೃತ್ತಿಯ ದಿನ ಕೊಟ್ಟ ಫಲಕದ ಮೇಲೆ ಅದೇ ಹೆಸರು ಕೆತ್ತಿಸಿದ್ದರು. ಇವತ್ತು ಬಂದ ಹಳೆಯ ಸಹೋದ್ಯೋಗಿಗಳೂ ಬೆಳಗ್ಗೆಯಿಂದ ಅದನ್ನೇ ಹೇಳಿಕೊಂಡು ಕೂತಿದ್ದರು: ಅಂಥಾ ಕಿವಿ ಇನ್ನು ಹುಟ್ಟಲ್ಲ ಬಿಡಿ.

ನಿರ್ದೇಶಕರು ಜಗಳದ ವಾಸನೆ ಹಿಡಿದು ಒಳಗೆ ಬಂದರು. ಅವರದು ಎಣ್ಣೆ ಸವರಿದ ಮಾತು.

"ನೋಡಮ್ಮ, ನಿನ್ನ ದುಃಖ ನನಗೆ ಅರ್ಥವಾಗುತ್ತೆ. ಆದ್ರೆ ಈ ಏಳು ಸುರುಳಿ ನಿಮ್ಮನೆ ಆಸ್ತಿಯಲ್ಲ, ನಾಡಿಂದು. ನಿಲಯಕ್ಕೆ ಐವತ್ತು ವರ್ಷ ತುಂಬ್ತಿದೆ. ನಿಮ್ಮಪ್ಪ ಸಂಕಲನ ಮಾಡಿದ್ದನ್ನ ಹಾಗೇ ಹೊರಗೆ ತರ್ತೀವಿ, ಅವರ ಹೆಸರು ಹಾಕಿ."

"ನಿಮ್ಮದೇ ಆಗಿದ್ರೆ ಒರೆಸಿ ಹಾಕಿದ್ದು ಯಾಕೆ ಸಾರ್?"

ನಿರ್ದೇಶಕರು ಕೆಮ್ಮಿದರು. ನಲವತ್ತೈದು ವರ್ಷದ ಹಿಂದೆ ಹತ್ತೊಂಬತ್ತರ ಹುಡುಗಿಯೊಬ್ಬಳು ಗಿಟಾರ್ ಹೆಗಲಿಗೆ ಹಾಕಿಕೊಂಡು ಬಂದು, ಪಕ್ಕವಾದ್ಯವಿಲ್ಲದೆ, ಒಬ್ಬಳೇ ಕೂತು ಎರಡನೇ ಸ್ಟುಡಿಯೋದಲ್ಲಿ ಜನಪದ ಹಾಡುಗಳನ್ನು ಹಾಡಿದ್ದಳು. ಎರಡು ವರ್ಷದಲ್ಲಿ ಏಳು ಸಲ. ರೇಡಿಯೋದಲ್ಲಿ ಅದನ್ನು ಕೇಳಿದ ಜನ ಹುಚ್ಚೆದ್ದುಹೋದರು. ಪತ್ರಿಕೆಗಳು ಬೆಳ್ಳಿಕಂಠ ಎಂದು ಕರೆದವು. ಆಮೇಲೆ ಟೇಪಿಗೆ ಬರ ಬಂದಾಗ ಅದೇ ನಿಲಯ ಆ ಸುರುಳಿಗಳ ಮೇಲೆ ಯಾರದೋ ಭಾಷಣಗಳನ್ನು ತುಂಬಿಸಿತು. ಬೇರೆ ನಿಲಯಗಳಿಗೆ ಕಳಿಸಿದ್ದ ಪ್ರತಿಗಳನ್ನು ಒಂದೊಂದಾಗಿ ಬೇಡಿ, ಕಾಡಿ, ಧೂಳು ಒರೆಸಿ, ಹರಿದಲ್ಲಿ ಅಂಟಿಸಿ ಏಳನ್ನೂ ಒಟ್ಟು ಮಾಡಲು ಅಪ್ಪನಿಗೆ ನಿವೃತ್ತಿಯ ನಂತರದ ಆರು ವರ್ಷ ಬೇಕಾಯಿತು.

"ಹಳೇ ಮಾತು ಯಾಕೀಗ," ಎಂದರು ನಿರ್ದೇಶಕರು. "ಒಂದು ಕೆಲಸ ಮಾಡೋಣ. ನಾಲ್ಕು ಗಂಟೆಗೆ ವ್ಯಾನ್ ಬರುತ್ತಲ್ಲ, ಹೊರಡೋವಾಗ ಮೊದಲನೇ ಸುರುಳಿಯ ಹಾಡು ಹಾಕೋಣ. ಸ್ಪೀಕರ್ ತಂದಿದ್ದೀನಿ. ಕಿವಿರಾಯನ ಕೆಲಸ ಕಿವಿರಾಯನಿಗೇ ಕೇಳಿಸಿ ಕಳಿಸೋಣ. ಆಮೇಲೆ ಡಬ್ಬ ನನಗೆ ಕೊಡು."

ಹಜಾರದಿಂದ ಹೌದು ಹೌದು ಎಂಬ ದನಿಗಳು ಎದ್ದವು. ಮಗಳು ಕಪಾಟಿನ ಕಡೆ ತಿರುಗಿದಳು. ಅಪ್ಪನ ಕಪಾಟಿನಲ್ಲಿ ಇದ್ದದ್ದು ಏಳು ಸುರುಳಿಯಲ್ಲ, ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು. ಆ ಸಂಗತಿ ಅಪ್ಪನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಈಗ ಅವಳೊಬ್ಬಳಿಗೇ ಗೊತ್ತು. ಇವತ್ತು ನಾಲ್ಕು ಗಂಟೆಯೊಳಗೆ ಅವಳು ಆ ಎರಡು ಸಾಲಿನಲ್ಲಿ ಒಂದನ್ನು ಆರಿಸಬೇಕಿತ್ತು.

* * *

ಹತ್ತು ತಿಂಗಳ ಹಿಂದೆ ಅಪ್ಪನ ಕೈ ನಡುಗಲು ಶುರುವಾಗಿತ್ತು. ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುವ ಕೆಲಸ ಮಗಳ ಪಾಲಿಗೆ ಬಂತು. ಬಟ್ಟೆ ಕತ್ತರಿಸುವವಳಿಗೆ ಅದೇನೂ ದೊಡ್ಡ ವಿದ್ಯೆಯಲ್ಲ. ಅಂಗಡಿ ಮುಚ್ಚಿ ಬಂದು ಸಂಜೆ ಎರಡು ಗಂಟೆ ಕೂರುತ್ತಿದ್ದಳು.

ಎರಡನೇ ಸ್ಟುಡಿಯೋದ ಗೋಡೆಯಲ್ಲಿ ದೊಡ್ಡದೊಂದು ಗಡಿಯಾರವಿತ್ತಂತೆ. ಹಾಡಿನ ಹಿಂದೆ ಅದರ ಟಿಕ್ ಟಿಕ್ ತೆಳ್ಳಗೆ ಕೇಳುತ್ತಿತ್ತು. ಕತ್ತರಿಸುವುದಿದ್ದರೆ ಎರಡು ಟಿಕ್‌ಗಳ ನಡುವೆ ಕತ್ತರಿಸು, ಅಂಟಿಸಿದ ಮೇಲೆ ಲೆಕ್ಕ ತಪ್ಪಬಾರದು, ತಪ್ಪಿದರೆ ಕೇಳುವವರ ಕಿವಿ ಎಡವುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಹಾಗಾಗಿ ಅವಳು ಟಿಕ್ ಎಣಿಸುತ್ತ ಕೂರುತ್ತಿದ್ದಳು. ಒಂದು ದಿನ ಸುಮ್ಮನೆ ಕೈಗಡಿಯಾರ ಎದುರಿಗಿಟ್ಟುಕೊಂಡು ಒಂದು ನಿಮಿಷ ಎಣಿಸಿದಳು. ಅರವತ್ತನಾಲ್ಕು ಬಂತು. ಇನ್ನೊಂದು ಸುರುಳಿ ಹಾಕಿ ಎಣಿಸಿದಳು. ಅರವತ್ತನಾಲ್ಕೇ.

"ಅಪ್ಪ, ನಿಮ್ಮ ಸ್ಟುಡಿಯೋ ಗಡಿಯಾರ ಮುಂದೆ ಓಡ್ತಿತ್ತಾ?"

"ಓಡೋದಾ? ಅದನ್ನ ನೋಡ್ಕೊಂಡೇ ವಾರ್ತೆ ಓದ್ತಿದ್ರು."

"ಮತ್ತೆ ನಿಮಿಷಕ್ಕೆ ಅರವತ್ತನಾಲ್ಕು ಸಲ ಯಾಕೆ ಹೊಡ್ಕೊಳ್ಳುತ್ತೆ?"

ಅಪ್ಪ ನಗುತ್ತ ಹತ್ತಿರ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ನಗು ಮುಖದ ಮೇಲೇ ಉಳಿಯಿತು, ಆದರೆ ಅದರೊಳಗಿದ್ದವರು ಎದ್ದುಹೋಗಿದ್ದರು. ಏಳು ಸುರುಳಿಯನ್ನೂ ಒಂದಾದ ಮೇಲೊಂದು ಹಾಕಿ ಎಣಿಸಿದರು. ಆಮೇಲೆ ಯಂತ್ರ ಆರಿಸಿ, ಊಟವನ್ನೂ ಮಾಡದೆ ಮಲಗಿದರು.

ಮೂರು ದಿನ ಕಳೆದ ಮೇಲೆ ಬಾಯಿ ಬಿಟ್ಟರು. ಆ ಹುಡುಗಿ ಹಾಡಲು ಬಂದ ವರ್ಷ ಎರಡನೇ ಸ್ಟುಡಿಯೋದ ರೆಕಾರ್ಡಿಂಗ್ ಯಂತ್ರದಲ್ಲಿ ಟೇಪನ್ನು ಎಳೆಯುವ ಉಕ್ಕಿನ ಕಡ್ಡಿ ಸವೆದುಹೋಗಿತ್ತು. ಹೊಸದು ಬರಲು ಎಂಟು ತಿಂಗಳು ಎಂದರು. ಇಪ್ಪತ್ತಾರರ ಕಿವಿರಾಯ ಕೈಕಟ್ಟಿ ಕೂರುವ ಆಸಾಮಿಯಲ್ಲ. ಲೇತ್ ಅಂಗಡಿಗೆ ಹೋಗಿ ತಾನೇ ಅಳತೆ ಕೊಟ್ಟು ಕಡ್ಡಿ ಮಾಡಿಸಿ ಕೂರಿಸಿದ. ನಿಲಯದವರು ಪ್ರಶಂಸಾಪತ್ರ ಕೊಟ್ಟರು. ಅಳತೆ ತೆಗೆದದ್ದು ಸವೆದ ಕಡ್ಡಿಯದು ಎಂಬುದು ಯಾರಿಗೂ ಹೊಳೆಯಲಿಲ್ಲ. ಕಡ್ಡಿ ಅರ್ಧ ಮಿಲಿಮೀಟರ್ ತೆಳು, ಟೇಪು ಅಷ್ಟು ನಿಧಾನ. ಅದೇ ಯಂತ್ರದಲ್ಲಿ ಮತ್ತೆ ಕೇಳಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಸರಿಯಾದ ವೇಗದ ಬೇರೆ ಯಂತ್ರದಲ್ಲಿ ಹಾಕಿದರೆ ಹಾಡು ಓಡುತ್ತದೆ, ದನಿ ಮೇಲೇರುತ್ತದೆ. ಪ್ರಸಾರವಾಗುತ್ತಿದ್ದದ್ದು ಬೇರೆ ಯಂತ್ರದಿಂದ. ಎರಡು ವರ್ಷ ಕಳೆದು ಹಳೆಯ ಯಂತ್ರವನ್ನು ಗುಜರಿಗೆ ಹಾಕಿದರು, ಕಡ್ಡಿಯೂ ಅದರ ಜೊತೆ ಹೋಯಿತು. ಆರೋಗ್ಯದ ಬಗ್ಗೆ ಭಾಷಣ ಮಾಡುತ್ತಿದ್ದ ವೈದ್ಯರೊಬ್ಬರ ಹತ್ತು ನಿಮಿಷದ ಮಾತು ಒಂಬತ್ತೂವರೆ ನಿಮಿಷದೊಳಗೆ ಮುಗಿಯುತ್ತಿತ್ತಂತೆ. ಸಮಯ ತುಂಬುವಷ್ಟು ಮಾತಾಡಿ ಎಂದು ಅವರನ್ನೇ ಬೈದಿದ್ದರಂತೆ.

"ಆಗ ನಿಮಗೆ ಕೇಳಿಸಲಿಲ್ವಾ? ಆ ಹೆಸರು ಸುಮ್ನೆ ಬಂತಾ ನಿಮಗೆ?"

"ಕೇಳಿಸ್ತು," ಎಂದರು ಅಪ್ಪ. "ರೇಡಿಯೋದಲ್ಲಿ ಅವಳ ದನಿ ಹೊಳೀತಿತ್ತು. ಸ್ಟುಡಿಯೋದಲ್ಲಿ ಹಾಗಿರಲಿಲ್ಲ. ಮೈಕ್ ಇಟ್ಟ ರೀತಿ, ನನ್ನ ಕೈಗುಣ ಅಂದ್ಕೊಂಡೆ. ಎಲ್ರೂ ಹೊಗಳ್ತಿದ್ರಲ್ಲ."

ಅದೇ ತಿಂಗಳು ಯಂತ್ರದ ವೇಗ ತಗ್ಗಿಸಿ, ನಿಮಿಷಕ್ಕೆ ಸರಿಯಾಗಿ ಅರವತ್ತು ಟಿಕ್ ಬರುವಂತೆ ಇನ್ನೊಂದು ಏಳು ಸುರುಳಿ ಮಾಡಿದರು. ಅದಕ್ಕೆ ಹೆಸರು ಬರೆಯಲಿಲ್ಲ. ಮಗಳೇ ಒಂದೊಂದು ಡಬ್ಬಕ್ಕೂ ನೀಲಿ ಬಟ್ಟೆಯ ಚೂರು ಕಟ್ಟಿ ಬೇರೆ ಸಾಲಿನಲ್ಲಿ ಇಟ್ಟಳು. "ಈ ಭಾನುವಾರ ಅವಳಿಗೆ ಫೋನ್ ಮಾಡಿ ಹೇಳ್ತೀನಿ," ಎಂದರು ಅಪ್ಪ. ಆ ಭಾನುವಾರ ಹೇಳಲಿಲ್ಲ. ಮುಂದಿನದಕ್ಕೂ ಇಲ್ಲ. ಒಂದು ಸಲ ಫೋನ್ ಹಿಡಿದರು, ಆ ಕಡೆಯಿಂದ ಯಾರು ಎಂದ ಕೂಡಲೇ ಇಟ್ಟುಬಿಟ್ಟರು. ಹೀಗೆ ನಲವತ್ತು ಭಾನುವಾರ ಕಳೆದವು. ಮಗಳು ಮೊದಲು ಮರುಗಿದಳು, ಆಮೇಲೆ ಗದರಿದಳು, ಕೊನೆಗೆ ಅಪ್ಪನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. ಅಪ್ಪ ಹೇಡಿ ಎಂದು ಅವಳು ಅದಕ್ಕೆ ಮೊದಲು ಯಾವತ್ತೂ ಅಂದುಕೊಂಡಿರಲಿಲ್ಲ.

* * *

ಮೂರು ಗಂಟೆಗೆ ಗಾಯಕಿಯೇ ಬಂದರು. ಕಾರಿನಿಂದ ಇಳಿದದ್ದೇ ತಡ, ಹಜಾರದಲ್ಲಿ ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ಎದ್ದುನಿಂತರು. ಅರವತ್ತನಾಲ್ಕರ ಹೆಂಗಸು, ನೇರ ಬೆನ್ನು, ಕೊರಳಿಗೆ ಬಿಗಿಯಾಗಿ ಸುತ್ತಿದ ಬಟ್ಟೆ. ನಿರ್ದೇಶಕರು ಸೊಂಟ ಬಗ್ಗಿಸಿ ದಾರಿ ಬಿಟ್ಟರು. ಗಾಯಕಿ ಪೆಟ್ಟಿಗೆಯ ಕಡೆಗೆ ಕಣ್ಣೂ ಹಾಯಿಸಲಿಲ್ಲ.

"ಸುರುಳಿಗಳು ಎಲ್ಲಿ?"

ದನಿ ಒರಟಾಗಿತ್ತು, ಮರಳು ಕಾಗದ ತಿಕ್ಕಿದಂತೆ.

"ಇಲ್ಲೇ ಇವೆ ಮೇಡಂ, ನೀವೇನೂ ಚಿಂತೆ ಮಾಡಬೇಡಿ. ಈ ವರ್ಷವೇ ಹೊರಗೆ..."

"ಸುಟ್ಟುಹಾಕಿ. ಇವರ ಜೊತೆಗೇ."

ಯಾರೋ ಅಯ್ಯೋ ಅಂದರು. ಚಿಕ್ಕಪ್ಪ ಡಬ್ಬಗಳನ್ನು ಇನ್ನಷ್ಟು ಅವಚಿಕೊಂಡರು.

"ಇವರಿಗೆ ಮೂರು ಸಲ ಕಾಗದ ಬರೆದೆ, ಬೇಡ ಅಂತ," ಎಂದರು ಗಾಯಕಿ. "ಕೇಳಲಿಲ್ಲ. ನಲವತ್ತು ವರ್ಷದಿಂದ ಎಲ್ಲಿ ಹಾಡಕ್ಕೆ ಕೂತ್ರೂ ಒಂದೇ ಮಾತು ಕೇಳಿದೀನಿ ನಾನು. ಮೊದಲಿನ ಹಾಗಿಲ್ಲ. ರೇಡಿಯೋದಲ್ಲಿ ಎಷ್ಟು ಚೆನ್ನಾಗಿತ್ತು, ಈಗಿಲ್ಲ. ಇಪ್ಪತ್ತೊಂದನೇ ವಯಸ್ಸಿಗೇ ಮೊದಲಿನ ಹಾಗಿಲ್ಲ! ಆ ರೇಡಿಯೋ ಹುಡುಗಿ ನಾನು ಸಾಯೋವರೆಗೂ ನನ್ನ ಬೆನ್ನು ಬಿಡಲ್ಲ. ಅವಳನ್ನ ಮತ್ತೆ ಹೊಸದಾಗಿ ಮಾಡಿ ಮಾರ್ತೀರಾ? ಈ ಬಟನ್ ಒತ್ತೋರಿಗೆ ಬೇರೆ ಕೆಲಸ ಇರಲಿಲ್ವಾ?"

ಮಗಳ ಮೈ ಉರಿದುಹೋಯಿತು. ಆ ಮಾತು ಅವಳಿಗೆ ಹೊಸದಲ್ಲ. ಹದಿನೈದು ವರ್ಷದ ಹಿಂದೆ ನಿಲಯದ ಸಮಾರಂಭದಲ್ಲಿ ಅಪ್ಪ ಹಳೆಯದೊಂದು ಫೋಟೋಗೆ ಸಹಿ ಹಾಕಿಸಿಕೊಳ್ಳಲು ವೇದಿಕೆ ಹತ್ತಿದ್ದಾಗ ಇದೇ ಗಾಯಕಿ ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ, "ಇವರಾ? ಬಟನ್ ಒತ್ತುತ್ತಿದ್ದೋರು" ಎಂದಿದ್ದರು. ಸಭೆ ನಕ್ಕಿತ್ತು. ಅಪ್ಪನೂ ನಕ್ಕಿದ್ದರು. ಮಗಳಿಗೆ ಇವತ್ತಿಗೂ ಸಹಿಸಲಾಗದ್ದು ಅಪ್ಪನ ಆ ನಗುವೇ.

"ಬನ್ನಿ ಒಳಗೆ," ಎಂದಳು. "ಬಟನ್ ಒತ್ತೋರು ನಿಮಗೆ ಏನು ಮಾಡಿದ್ರು ಅಂತ ತೋರಿಸ್ತೀನಿ."

ಒಳ್ಳೆಯ ಮನಸ್ಸಿನಿಂದ ಕರೆದದ್ದಲ್ಲ ಅದು. ನೋಯಿಸಬೇಕೆಂದೇ ಕರೆದಳು. ಚಿಕ್ಕಪ್ಪನನ್ನೂ ನಿರ್ದೇಶಕರನ್ನೂ ಹೊರಗೆ ಬಿಟ್ಟು ಬಾಗಿಲು ಹಾಕಿ, ಕಪಾಟಿನಿಂದ ನೀಲಿ ಚೂರು ಕಟ್ಟಿದ ಮೊದಲ ಡಬ್ಬ ತೆಗೆದು ಸುರುಳಿಯನ್ನು ಯಂತ್ರಕ್ಕೆ ಹಾಕಿದಳು. ಹೆಡ್‌ಫೋನನ್ನು ಗಾಯಕಿಯ ಕೈಗೆ ತುರುಕಿದಳು.

ಗಾಯಕಿ ಒಂದು ಚರಣ ಕೇಳಿದರು. ಹುಬ್ಬು ಗಂಟಿಕ್ಕಿತು.

"ಯಾರಿದು? ನನ್ನ ಹಾಡು ಹಾಡ್ತಿರೋದು?"

"ನೀವೇ."

"ಸುಳ್ಳು. ಇದು ತಗ್ಗಿನ ದನಿ."

"ನಿಮ್ಮದೇ ದನಿ. ನೀವು ಅವತ್ತು ಹಾಡಿದ್ದು ಹೀಗೇ. ನಾಡೆಲ್ಲ ಕೇಳಿದ್ದು ಬೇರೆ."

ಆಮೇಲೆ ಕಡ್ಡಿ ಮುರಿದಂತೆ ಎಲ್ಲವನ್ನೂ ಹೇಳಿದಳು. ಲೇತ್ ಅಂಗಡಿ, ಅರ್ಧ ಮಿಲಿಮೀಟರ್, ಅರವತ್ತನಾಲ್ಕು ಟಿಕ್, ನಲವತ್ತು ಭಾನುವಾರ. ಒಂದನ್ನೂ ಮುಚ್ಚಲಿಲ್ಲ, ಒಂದಕ್ಕೂ ಸಕ್ಕರೆ ಹಚ್ಚಲಿಲ್ಲ. ಹೇಳುತ್ತ ಹೇಳುತ್ತ ಅವಳ ಸಿಟ್ಟು ಯಾರ ಮೇಲೆ ಎಂಬುದು ಅವಳಿಗೇ ತಿಳಿಯದಾಯಿತು. ಗಾಯಕಿ ಅಪ್ಪನ ಸ್ಟೂಲಿನ ಮೇಲೆ ಕುಸಿದರು. ಹೆಡ್‌ಫೋನು ಕೊರಳಿಗೆ ಜಾರಿತ್ತು, ಅದರೊಳಗೆ ಹಾಡು ಸಣ್ಣಗೆ ಕೇಳುತ್ತಿತ್ತು.

"ಆಮೇಲೆ ವೇದಿಕೇಲಿ ವಾದ್ಯದೋರು ರೆಕಾರ್ಡಿಗೆ ಸರಿಯಾಗಿ ಶ್ರುತಿ ಇಡೋರು," ಎಂದರು. "ಮೇಲೆ ಮುಟ್ಟಕ್ಕೆ ಆಗ್ತಿರಲಿಲ್ಲ. ಎರಡು ವರ್ಷದ ಹಿಂದೆ ಆಗ್ತಿತ್ತಲ್ಲ, ಈಗ ಯಾಕಾಗಲ್ಲ, ಸೋಮಾರಿಯಾಗಿದೀಯ ಅಂತ ನನ್ನನ್ನ ನಾನೇ ಬೈಕೊಂಡು ಸಾಧನೆ ಮಾಡಿದೆ. ಹದಿನೈದು ವರ್ಷ ಕಿರುಚಿದೆ. ಗಂಟಲು ಕೊಯ್ದ ಡಾಕ್ಟ್ರು ಕೇಳಿದ್ರು, ನಿಮ್ಮದಲ್ಲದ ಶ್ರುತಿ ಯಾಕೆ ಹಿಡಿದ್ರಿ ಅಂತ. ಜಗಳ ಆಡಿದೆ ಅವರ ಹತ್ರ. ಅದು ನಂದೇ ಶ್ರುತಿ, ಬೇಕಾದ್ರೆ ರೇಡಿಯೋ ಕೇಳಿ ಅಂದೆ."

ಮಗಳು ಯಂತ್ರ ನಿಲ್ಲಿಸಿದಳು.

"ನನ್ನ ಹತ್ರ ಇಲ್ಲದೇ ಇದ್ದ ದನೀನ ಕಳಕೊಂಡೆ ಅಂತ ಅತ್ತಿದೀನಲ್ಲೇ!" ಗಾಯಕಿ ಎದ್ದು ಅವಳ ತೋಳು ಹಿಡಿದು ಅಲುಗಾಡಿಸಿದರು. "ನಿಮ್ಮಪ್ಪನಿಗೆ ಒಂದು ಫೋನ್ ಮಾಡಕ್ಕೆ ಏನು ರೋಗ ಬಂದಿತ್ತು? ಹತ್ತು ತಿಂಗಳು! ನನ್ನ ವಯಸ್ಸಿಗೆ ಹತ್ತು ತಿಂಗಳು ಅಂದ್ರೆ ಎಷ್ಟು ಗೊತ್ತಾ ನಿನಗೆ?"

"ಗೊತ್ತಿಲ್ಲ. ನಾನೂ ಅದನ್ನೇ ಕೇಳಿದೆ ಅವರನ್ನ. ದಿನಾ ಕೇಳಿದೆ."

"ನೀನ್ಯಾಕೆ ಮಾಡಲಿಲ್ಲ?"

ಅಪ್ಪನನ್ನು ಹೇಡಿ ಎಂದುಕೊಂಡು ನಲವತ್ತು ವಾರ ತಾನೂ ಅದೇ ಮನೆಯಲ್ಲಿ ಅದೇ ಫೋನಿನ ಪಕ್ಕ ಕೂತಿದ್ದಳಲ್ಲ. ಮಗಳ ಮುಖಕ್ಕೆ ಹೊಡೆದಂತಾಯಿತು.

"ಹೊರಗೆ ಹೋಗಿ ಹೇಳು," ಎಂದರು ಗಾಯಕಿ. "ಎಲ್ಲರ ಮುಂದೆ. ಈಗಲೇ."

"ಅಪ್ಪನ್ನ ಇನ್ನೂ ಎತ್ತಿಲ್ಲ. ಅವರೆಲ್ಲ ಆ ಕಿವಿಯನ್ನೇ ಹೊಗಳ್ತಾ ಕೂತಿದ್ದಾರೆ. ಅಪ್ಪನಿಗಿದ್ದದ್ದು ಅದೊಂದೇ ಹೆಸರು."

"ನನಗೂ ಇದ್ದದ್ದು ಒಂದೇ ಗಂಟಲು."

ಬಾಗಿಲು ಬಡಿದ ಸದ್ದಾಯಿತು. ವ್ಯಾನ್ ಬಂದಿದೆ ಎಂದು ಚಿಕ್ಕಪ್ಪ ಕೂಗಿದರು.

* * *

ನಿರ್ದೇಶಕರ ಸ್ಪೀಕರನ್ನು ಗೇಟಿನ ಕಂಬಕ್ಕೆ ಕಟ್ಟಿದ್ದರು. ಯಂತ್ರವನ್ನು ಕಿಟಕಿಯ ಬಳಿ ಮೇಜಿನ ಮೇಲೆ ತಂದಿಟ್ಟು ತಂತಿ ಎಳೆದಿದ್ದರು. ಆರು ಜನ ಪೆಟ್ಟಿಗೆಯನ್ನು ಎತ್ತಿ ಮೆಟ್ಟಿಲಿಳಿಸಿದರು. ಚಿಕ್ಕಪ್ಪ ಮೊದಲನೇ ಸುರುಳಿಯ ಡಬ್ಬವನ್ನು ಮಗಳ ಕೈಗಿಟ್ಟು, "ಬೇಗ ಹಾಕು, ಹಟ ಮಾಡಬೇಡ," ಎಂದು ಗುರುಗುಟ್ಟಿ ವ್ಯಾನಿನ ಕಡೆ ಓಡಿದರು. ಗಾಯಕಿ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬರೀ ಕೋಪವಿತ್ತು.

ಮಗಳಿಗೆ ಅಪ್ಪನ ನಗು ನೆನಪಾಯಿತು, ವೇದಿಕೆಯ ಮೇಲಿನದು. ಅಪ್ಪನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿಯೂ ಉಕ್ಕಿಬಂದು ಕಣ್ಣು ಮಂಜಾಯಿತು. ಅವರು ಮಾಡಿದ ಕೊನೆಯ ಕೆಲಸ ಆ ಎರಡನೇ ಸಾಲು. ಸರಿಯಾಗಿ ಮಾಡಿದ್ದರು. ಚಿಕ್ಕಪ್ಪ ಕೊಟ್ಟ ಡಬ್ಬವನ್ನು ನೆಲದ ಮೇಲಿಟ್ಟು, ಯಂತ್ರದಲ್ಲಿ ಆಗಲೇ ಇದ್ದ ನೀಲಿ ಸಾಲಿನ ಸುರುಳಿಯನ್ನು ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದಳು.

ಗಿಟಾರಿನ ತಂತಿ ಎರಡು ಸಲ ಮಿಡಿಯಿತು. ಹತ್ತೊಂಬತ್ತರ ಹುಡುಗಿಯ ದನಿ ಗೇಟಿನ ಕಂಬದಿಂದ ಬೀದಿಗೆ ಇಳಿಯಿತು. ಬೆಚ್ಚಗಿತ್ತು, ಸ್ವಲ್ಪ ದಪ್ಪ, ಅವಸರವಿಲ್ಲದ್ದು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದವರ ಹೆಜ್ಜೆ ತಡವರಿಸಿತು. ಆ ಹಾಡನ್ನು ನಲವತ್ತೈದು ವರ್ಷ ಬಾಯಿಪಾಠ ಮಾಡಿಕೊಂಡಿದ್ದ ಹಳೆಯ ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

"ಏ, ಮೆಷಿನ್ ನಿಧಾನ ಓಡ್ತಿದೆ!" ಎಂದ ಒಬ್ಬ.

"ಕರೆಂಟ್ ಕಡಿಮೆ ಇರಬೇಕು. ವೇಗ ಹೆಚ್ಚು ಮಾಡಿ, ಬಲಗಡೆ ಇರುತ್ತೆ ನೋಡಿ ಗುಂಡಿ!"

"ಕಿವಿರಾಯನ ಹೆಣದ ಮುಂದೆ ಹೀಗಾ ಕೇಳಿಸೋದು? ಅವನಿದ್ದಿದ್ರೆ ಎದ್ದು ಬರೋನು!"

"ಇದು ಸರಿಯಾಗೇ ಇದೆ," ಎಂದು ಮಗಳು ಕೂಗಿದಳು. "ಅವರು ಹಾಡಿದ್ದೇ ಹೀಗೆ. ತಪ್ಪು ಅಪ್ಪನದು. ಸರಿ ಮಾಡಿದ್ದೂ ಅಪ್ಪನೇ."

ಯಾರಿಗೂ ಕೇಳಿಸಲಿಲ್ಲ, ಕೇಳಿಸಿದವರಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಸತ್ತ ದುಃಖಕ್ಕೆ ಏನೋ ಮಾತಾಡ್ತಿದ್ದಾಳೆ ಎಂದು ಒಬ್ಬರು ಕೈಯಾಡಿಸಿದರು. ನಿರ್ದೇಶಕರು ಕಿಟಕಿಯ ಬಳಿ ಧಾವಿಸಿ ಬಂದರು. ಅವರ ಹಿಂದೆಯೇ ಚಿಕ್ಕಪ್ಪ, ಕೆಂಡ ಕಾರುತ್ತ. "ಸರಿ ಕಣೆ, ಹಾಳುಮಾಡು, ಕೊನೇ ದಿನಾನೂ ಹಾಳುಮಾಡು," ಎನ್ನುತ್ತ ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ವೇಗದ ಗುಂಡಿಗೆ ತಡಕಾಡಿದರು.

ಅಲ್ಲಿ ಆಗಲೇ ಇನ್ನೊಂದು ಕೈ ಇತ್ತು. ಗಾಯಕಿ ಯಂತ್ರದ ಮೇಲೆ ಬಗ್ಗಿ, ಗುಂಡಿಯನ್ನು ಎರಡೂ ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಚಿಕ್ಕಪ್ಪ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದರು. ಮೇಡಂ ಮೇಡಂ ಎಂದು ನಿರ್ದೇಶಕರು ಬೇಡಿದರು. ಹೊರಗೆ ವ್ಯಾನ್ ಹೊರಟಿತು. ಬೀದಿಯ ತುಂಬ ಜನ ವೇಗ ಹೆಚ್ಚು ಮಾಡಿ, ವೇಗ ಹೆಚ್ಚು ಮಾಡಿ ಎಂದು ಕೂಗುತ್ತಿದ್ದರು. ಗಾಯಕಿಯ ಉಗುರುಗಳು ಬೆಳ್ಳಗಾಗಿದ್ದವು. ಕಣ್ಣು ಮುಚ್ಚಿಕೊಂಡಿದ್ದರು. ಹಾಡು ಎರಡನೇ ಚರಣಕ್ಕೆ ಬಂದಾಗಲೂ ಅವರು ಕೈ ತೆಗೆಯಲಿಲ್ಲ.